ಪ್ರಸನ್ನ ಎಂದಿದ್ದರೆ ಆಮಂತ್ರಣಕ್ಕೆ

ಹೋಯಿತು, ಮತ್ತೆ ಆಮಂತ್ರಣ ಫೋಲ್ಡರಿಗೇ ಹೋಯಿತು, ನನ್ನ ಮೊಬೈಲಿನಿಂದ ಆಫೀಸಿಗೆ ನಾನೇ ಪರೀಕ್ಷೆಗೆಂದು ಕಳಿಸಿದ ಮೇಲ್, ಇನ್‌ಬಾಕ್ಸಿನಲ್ಲಿ ಅರೆಗಳಿಗೆ ನಿಲ್ಲಲಿಲ್ಲ — ಬರೀ ಅರ್ಜಿ ಎಂದು ಬರೆದು ಕಳಿಸಿದ ಎರಡೂ ನೆಟ್ಟಗೆ ಬಂದವು, ಮೂರನೆಯದಕ್ಕೆ ಮೇಲೆ ಶ್ರೀ ಆಂಜನೇಯ ಪ್ರಸನ್ನ ಎಂದು ಸೇರಿಸಿದೆ, ಹೋಯಿತು. ಹಾಗಾದರೆ ತಪ್ಪು ಮೇಲ್ ತಾನೇ ವಿಂಗಡವಾಗಲಿ ಎಂದು ನಾನು ಹಾಕಿಟ್ಟ ನಿಯಮದ್ದೇ, ನನ್ನದೇ. ಜನವರಿಯಲ್ಲಿ ವಿರುಪಾಕ್ಷಿ ಸರ್, ಈ ಹಾಸ್ಟೆಲ್ ಆಫೀಸಿನ ದೊಡ್ಡವರು, ಲಗ್ನಪತ್ರಿಕಿ ನೋಡಿ ನೋಡಿ ಕಣ್ಣು ಹೋದುವು, ಇವನ್ನೆಲ್ಲ ಒಂದ್ ಕಡಿ ಹಾಕವ್ವಾ ಮುಬಾಶಿರಾ ಅಂದಿದ್ದರು, ಪ್ರಸನ್ನ ಇಲ್ಲದ ಲಗ್ನಪತ್ರಿಕೆ ಎಲ್ಲಿದೆ, ಆ ಒಂದು ಪದ ಹಿಡಿದರೆ ಸಾಕು ಎಂದುಕೊಂಡೆ, ಹತ್ತು ಕಾರ್ಡು ತಾವೇ ಸರಿದು ಹೋದಾಗ ಎಷ್ಟು ಹಿಗ್ಗಿದ್ದೆ, ಸಂಜಿ ಕಂಪ್ಯೂಟರ್ ಕ್ಲಾಸಿನ್ಯಾಗ ಕಲಿತ್ರೂ ತಲಿ ಐತಿ ನಿನಗ ಎಂದು ಅವರು ನಕ್ಕಿದ್ದರು. ತಲೆ. ಈ ಕಡೆಯ ಟೈಪಿಂಗ್ ಅಂಗಡಿಯವರು ದೇವರ ಹೆಸರು ಹಾಕದೆ ಅರ್ಜಿಯ ಮೊದಲ ಅಕ್ಷರ ಒತ್ತುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ, ನಮ್ಮ ಅಬ್ಬಾ ಕಿರಾಣಿ ಚೀಟಿಯ ಮೇಲೂ 786 ಬರೆಯುತ್ತಾರೆ, ಅದನ್ನು ಹಿಡಿದು ಅಂಗಡಿಗೆ ಹೋಗುವವಳೇ ನಾನು.

ಗೃಹಪ್ರವೇಶ, ಜವಳ, ಮದುವೆ, ಮದುವೆ — ನಡುವೆ ಈ ಅರ್ಜಿ, ಯಲಬುರ್ಗಾದ ಹನುಮಂತಮ್ಮ, ಹಾಸ್ಟೆಲ್ ಅಡುಗೆಯ ಕೆಲಸಕ್ಕೆ, ಹದಿನಾಲ್ಕನೇ ತಾರೀಕು, ಕೊನೆಯ ದಿನಕ್ಕೆ ಇನ್ನೂ ಆರು ದಿನ ಇರುವಾಗಲೇ ಬಂದು ಇಲ್ಲಿ ಕೂತಿದೆ. ಮೂರು ಸಲ ಫೋನ್ ಮಾಡಿದಳು, ಎರಡು ಸಲ ಬಂದಿಲ್ಲರಿ ಎಂದೆ, ಮೂರನೇ ಸಲ ಸಿಟ್ಟು ಬಂದು ನೀವು ಕಳಿಸೇ ಇಲ್ಲ ಬಿಡ್ರಿ ಎಂದೆ, ಎಂದೆನಲ್ಲ, ನೋಡದೆ. ಕಳಿಸೀನ್ರಿ ಯಕ್ಕಾ, ಅಂಗಡ್ಯಾಗ ನಿಂತು ಕಳಿಸೀನಿ, ಹೋತು ನೋಡು ಅಂತ ಅವ ತೋರಿಸ್ಯಾನ. ಇರಾಕ ಒಂದು ಖೋಲಿನೂ ಕೊಡ್ತಾರಂತಲ್ರಿ, ಮಗಳು ಅಲ್ಲೇ ಕೊಪ್ಪಳದಾಗ ಸಾಲಿ ಕಲೀತಾಳ ಅಂದಿದ್ದಳು. ಈಗ ಬಂದು ನಿಂತಿದ್ದಾಳೆ, ಬೆಳಗಿನ ಬಸ್ಸಿಗೆ, ಯಾರೂ ಕರೆಯದೆ, ಕಿಟಕಿಯಾಚೆ ನೋಟಿಸ್ ಬೋರ್ಡಿನ ಮುಂದೆ, ಸಂದರ್ಶನದ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಕೂಡಿಸಿ ಓದುತ್ತಾ.

ನಿಯಮ ಅಳಿಸಿದೆ, ಆದರೂ ಹೋದದ್ದು ತಾನಾಗಿ ವಾಪಸು ಬರುವುದಿಲ್ಲ, ನಾನೇ ಎಳೆದು ಇನ್‌ಬಾಕ್ಸಿಗೆ ಹಾಕಿದೆ, ಅದರಿಂದ ಏನಾಯಿತು, ಪ್ರಿಂಟು ತೆಗೆದು ಒಳಗೆ ಸರ್ ಕೋಣೆಗೆ ಓಡಿದೆ, ಬಂದಿತ್ತು ಸರ್, ನನ್ನ ತಪ್ಪು, ಇನ್ನೂ ನಾಲ್ಕು ಜನರ ಸಂದರ್ಶನ ಉಳಿದೈತಿ ಸರ್, ಆಕೀನ ಕರೀರಿ — ಅವರು ಪೆನ್ನಿನ ಟೋಪಿ ಮುಚ್ಚಿದರು, ಪಟ್ಟಿಗೆ ಸಹಿ ಆಗೇತಿ, ಈಗ ಅದನ್ನ ತಿದ್ದಿದ್ರ ಎಲ್ಲಾರೂ ಕೇಳ್ತಾರ, ಬಂದಿಲ್ಲಂತ ಮೂರು ಸಲ ಹೇಳೀದಿ, ಇನ್ನೊಂದು ಸಲ ಹೇಳು. ಮೆತ್ತಗೆ ಹೇಳಿದರು, ನನ್ನನ್ನೇ ಉಳಿಸುವವರ ಹಾಗೆ. ಹೂಂ ಎಂದೆನೇ, ಅನ್ನಲಿಲ್ಲ ಅನ್ನಿಸುತ್ತದೆ, ತಲೆ ಆಡಿತೋ ಏನೋ. ಹೊರಗೆ ಬಂದಿದ್ದೇನೆ, ಅವಳ ಬೆನ್ನ ಹಿಂದೆಯೇ ನಿಂತಿದ್ದೇನೆ, ತಾರೀಕು ಕಾಣುವ ಹಾಗೆ ಪ್ರಿಂಟು ಹಿಡಿದಿದ್ದೇನೆ, ಇದನ್ನು ಕೊಟ್ಟರೆ ಅವಳು ಒಳಗೆ ಹೋಗಿ ಕೇಳಬಹುದು, ಕೊಟ್ಟರೆ ನನ್ನ ಕೆಲಸ ಹೋದೀತು, ಕೊಡದಿದ್ದರೆ — ಬಾಯಿ ತೆರೆಯಬೇಕು, ಬೆರಳು ಹನ್ನೊಂದನೇ ಹೆಸರಿಗೆ ಬಂತು, ಹನ್ನೆರಡು, ಪಟ್ಟಿ ಮುಗಿಯಿತು, ಬೆರಳು ನಿಲ್ಲಲಿಲ್ಲ, ಕೆಳಗಿನ ಬಿಳಿ ಜಾಗದ ಮೇಲೂ ಮೆಲ್ಲಗೆ ಸರಿಯುತ್ತಿದೆ, ಅಕ್ಷರವೇ ಇಲ್ಲದ ಕಡೆ, ಬೆರಳು, ಇನ್ನೂ