ಮುಗಿಲಿಗೆ ಕಟ್ಟಿದ ಕೆಂಪು ಸೀರೆ

“ಏಯ್ ಕುಳ್ಳ! ನೀನು ಮೂರಂತಸ್ತು ಎತ್ತುತೀಯಂತೆ? ಮೊದ್ಲು ನಿಮ್ಮನಿ ಮೇಲಿನ ಚಿಲಕ ಕೈಗೆ ಸಿಗ್ತೈತೇನೋ ನೋಡ್ಕ!”

ಹರಿಹರದಲ್ಲಿ ಹೊಳೆಗೆ ಇಳಿಯುವ ಬೀದಿಯ ಮೂಲೆ. ಚಾದಂಗಡಿಯ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಈ ಮಾತು ಆಡಿದವರು ಕೆಂಚವೀರಪ್ಪ. ಬೆಲ್ಲದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಬೀದಿಯವರ ಮನೆ ಮಾತೇ ವ್ಯಾಪಾರ. ಕೂತವರೆಲ್ಲ ಗೊಳ್ಳೆಂದು ನಕ್ಕರು. ನಗು ಸಿಕ್ಕಿತಲ್ಲ, ಕೆಂಚವೀರಪ್ಪ ಇನ್ನೊಂದು ಬಿಟ್ಟರು.

“ಎಂಟನೇ ಕ್ಲಾಸಿಗೇ ಶಾಲಿ ಬಿಟ್ಟೋನು. ಹೊಳಿ ಬಂದ್ರೆ ಅವರವ್ವನ್ನ ಅಕ್ಕಿ ಮೂಟಿ ಹೊತ್ತಂಗೆ ಹೊತ್ಕಂಡು ಓಡೋನು. ಇವಂಗೆ ಮೂರಂತಸ್ತು!”

ಕೊಟ್ರೇಶಿ ಚಾ ಲೋಟ ಹಿಡಿದು ನಿಂತಿದ್ದ. ಕುಳ್ಳ ಅಂದದ್ದು ಅವನಿಗೆ ತಾಗಲಿಲ್ಲ, ಅದು ಕೇಳಿ ಕೇಳಿ ಹಳತಾದ ಮಾತು. ಅವ್ವನನ್ನು ಮೂಟೆ ಅಂದದ್ದು ಮಾತ್ರ ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಸೆಂಟ್ರಿಂಗ್ ಕೆಲಸದ ಹುಡುಗ ಅವನು. ಮಂದಿಯ ಮನೆಗೆ ಬೊಂಬು ನಿಲ್ಲಿಸಿ, ಹಲಗೆ ಹೊಡೆದು, ಚಾವಣಿಗೆ ಮೋಲ್ಡ್ ಹಾಕಿಸುವುದೇ ದಿನದ ಕೆಲಸ. ಕೈಗಿಂತ ಬಾಯಿ ಚುರುಕು. ಅವನಿಗೆ ಯಾರಾದರೂ ಒಂದು ಅಂದು, ಎರಡು ಅನ್ನಿಸಿಕೊಳ್ಳದೆ ಹೋದದ್ದು ಆ ಬೀದಿಯಲ್ಲಿ ಇಲ್ಲವೇ ಇಲ್ಲ.

“ಯಜಮಾನ್ರೇ, ಮುಂದಿನ ಸಲ ಹೊಳಿ ಬಂದಾಗ ನಮ್ಮವ್ವ ಮ್ಯಾಲೆ ಕುಂತು ನಿಮ್ಮ ಬೋಳ್ತಲಿ ಎಣಿಸ್ತಾಳೆ! ಹಂಗೆ ಕಟ್ಟಿಲ್ಲ ಅಂದ್ರೆ ನಾನು ಕೊಟ್ರೇಶಿನೇ ಅಲ್ಲ!”

“ಇರೋದೊಂದೇ ತಲಿ, ಏನ್ ಎಣಿಸ್ತಾಳಲೇ?” ಕೆಂಚವೀರಪ್ಪ ನಕ್ಕರು. “ಕಟ್ಟೋದಾದ್ರೆ ಕಟ್ಟಿಬಿಡು. ನಗರಸಭೆ, ಪರ್ಮಿಷನ್ನು ಅಂತ ಕೇಳ್ಕಂತ ಕುಂತ್ರೆ ನಿನ್ನ ಮೊಮ್ಮಗ ಕಟ್ಟಬೇಕಾಗತೈತೆ. ನಾನು ನಮ್ಮ ಮಾಳಿಗಿ ಮ್ಯಾಲೆ ರೂಮ್ ಎತ್ತಿಲ್ವಾ? ಯಾವನಾದ್ರೂ ಬಂದು ಕೇಳಿದ್ನಾ?”

ಸಿಟ್ಟಿನ ತಲೆಗೆ ಈ ಬುದ್ಧಿಮಾತು ಸರಿಯಾಗಿ ಇಳಿಯಿತು.

ಮಳೆಗಾಲದಲ್ಲಿ ಹೊಳೆ ತುಂಬಿದರೆ ಆ ಬೀದಿಯಲ್ಲಿ ಮೊದಲು ನೀರು ನುಗ್ಗುವುದು ಕೊಟ್ರೇಶಿಯ ತಗ್ಗಿನ ಮನೆಗೆ. ಅವ್ವ ಅಕ್ಕನಾಗಮ್ಮನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಅವಳನ್ನು ಬೆನ್ನ ಮೇಲೆ ಹೊತ್ತು ಗಂಜಿ ಕೇಂದ್ರಕ್ಕೆ ಒಯ್ಯಬೇಕು. ಹೋದ ಸಲ ಅವಳು ಬೆನ್ನ ಮೇಲಿಂದಲೇ ಹೇಳಿದ್ದಳು: “ಇದೇ ಕೊನಿ ಕೊಟ್ರೇಶಿ. ಮುಂದಿನ ವರ್ಷ ನಾನು ಬರಾಕಿಲ್ಲ. ನೀರು ಬಂದ್ರೆ ಬರ್ಲಿ, ನಾನು ಮಂಚದ ಮ್ಯಾಲೇ ಇರ್ತೀನಿ.” ಅವಳು ತಮಾಷೆಗೆ ಹೇಳಿರಲಿಲ್ಲ.

ಅದಕ್ಕೇ ಅವನ ಲೆಕ್ಕಾಚಾರ. ಕೆಳಗೆ ಬರೀ ಕಂಬ, ಗೋಡೆ ಇಲ್ಲ. ಹೊಳೆ ಬಂದರೆ ಬರಲಿ, ಕಂಬದ ನಡುವೆ ಹಾದು ಹೋಗಲಿ. ಅದರ ಮೇಲೆ ಅವ್ವ ಮತ್ತು ಅವನು. ಅದರ ಮೇಲೆ ಅಣ್ಣ ಬಸವಕಿರಣನ ಸಂಸಾರ.

ಚಾದಂಗಡಿಯಿಂದ ನೇರ ಹೋಗಿ ಗೆಳೆಯರಿಗೆಲ್ಲ ಹೇಳಿದ. ಭಾನುವಾರ ಕಾಲಂ, ಅಂದರೆ ಕೆಳಗಿನ ಕಂಬ, ಎಬ್ಬಿಸುವುದು ಎಂದು ತೀರ್ಮಾನವಾಯಿತು. ಶನಿವಾರ ಸಂಜೆಗೆ ಮನೆ ಮುಂದೆ ಕಬ್ಬಿಣ ಬಂದು ಬಿತ್ತು. ಅದೇ ಹೊತ್ತಿಗೆ ದಾವಣಗೆರೆ ಬಸ್ಸಿಳಿದು ಎದುರು ಮನೆಯ ಸಿಮ್ರಾನ್ ಬಂದಳು. ಡಿಪ್ಲೊಮಾ ಓದಿ ದಾವಣಗೆರೆಯಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಮನೆಗಳ ನಕ್ಷೆ ಬರೆಯುವ ಹುಡುಗಿ ಅವಳು. ಕೊಟ್ರೇಶಿಯೂ ಅವಳೂ ಒಂದೇ ಬೀದಿಯ ಧೂಳಲ್ಲಿ ಆಡಿ ಬೆಳೆದವರು.

“ಏನೋ ಇದು ಕಬ್ಬಿಣ? ಲೈಸೆನ್ಸ್ ಬಂತಾ?”

“ಯಾವ ಲೈಸೆನ್ಸು? ನಮ್ಮ ಜಾಗ, ನಮ್ಮ ಬೆವರು.”

“ಈ ಬೀದಿ ಅಗಲಕ್ಕೆ, ನಿಮ್ಮ ಸೈಟಿಗೆ ಇಷ್ಟೇ ಎತ್ತರ ಅಂತ ನಿಯಮ ಐತೆ ಮಾರಾಯ. ನೀನು ಹೇಳೋ ಮನಿ ಅದಕ್ಕಿಂತ ಒಂದಾಳುದ್ದ ಜಾಸ್ತಿ ಆಗತೈತೆ.”

“ಯಾವ ಆಳು? ನನ್ನಂಥ ಆಳಾದ್ರೆ ಜಾಸ್ತಿ ಏನಿಲ್ಲ ಬಿಡು.”

ಸಿಮ್ರಾನ್‌ಗೆ ನಗು ಬಂತು. ತಡೆದುಕೊಂಡಳು. “ನಗಬ್ಯಾಡ ನೀನು. ಕಟ್ಟಿದ ಮ್ಯಾಲೆ ನೋಟಿಸ್ ಬಂದ್ರೆ ಕಟ್ಟಿದ ಕೂಲಿನೂ ನಿಂದೇ, ಕೆಡವೋ ಕೂಲಿನೂ ನಿಂದೇ. ಅವ್ವನ್ನ ಆವಾಗ ಎಲ್ಲಿ ಕೂಡಿಸ್ತೀಯಾ?”

“ಹಂಗಾರೆ ಹೊಳಿಗೆ ಹೇಳು, ನಿಯಮ ಐತೆ, ಇಷ್ಟೇ ಎತ್ತರ ಬಾ ಅಂತ!” ಕೊಟ್ರೇಶಿ ಕಬ್ಬಿಣಕ್ಕೆ ಒದ್ದು, ಕಾಲು ಹಿಡಿದುಕೊಂಡು ಕುಂಟಿದ.

“ಅದನ್ನೇ ನಗರಸಭೆಗೆ ಹೇಳು,” ಅಂದಳು ಸಿಮ್ರಾನ್. “ವಿನಾಯಿತಿ ಕೊಡ್ರಿ ಅಂತ ಅರ್ಜಿ ಕೊಡು. ಯಾಕ ಎತ್ತರ ಬೇಕು ಅಂತ ಕಾರಣ ಬರಿ. ಹೊಳಿ ನೀರು ಎಲ್ಲಿ ತನಕ ಬಂದಿತ್ತು, ಗೋಡೆ ಮ್ಯಾಲೆ ಕಲೆ ಐತಲ್ಲ, ಅದರ ಫೋಟೋ ಹಚ್ಚು. ನಕ್ಷೆ, ಇಂಜಿನಿಯರ್ ಸಹಿ, ನಾನು ಮಾಡಿಸ್ತೀನಿ. ಅವರ ಕೈಯಾಗೆ ಇಲ್ಲ ಅಂದ್ರೆ ಮೇಲಿನೋರಿಗೆ ಕಳಿಸ್ತಾರೆ.”

“ನಮ್ಮಂಥೋರಿಗೆ ಕೊಡ್ತಾರಾ?”

“ಕೊಡಬೋದು, ಕೊಡದೇನೂ ಇರಬೋದು. ಕೇಳದೇ ಇದ್ದೋರಿಗಂತೂ ಕೊಡಲ್ಲ. ಇನ್ನೊಂದು ಐತೆ. ಅಕ್ಕಪಕ್ಕದೋರ ತಕರಾರು ಐತೇನು ಅಂತಾನೂ ಕೇಳ್ತಾರೆ.”

ಕೊಟ್ರೇಶಿ ಅರಳಿದ. “ಅಕ್ಕಪಕ್ಕ ಅಂದ್ರೆ ಎದುರಿಗೆ ನಿಮ್ಮಮ್ಮ. ಖಾಲಾ ನನ್ನ ಎತ್ತಿ ಆಡಿಸಿದೋಳು. ಬ್ಯಾಡ ಅಂತಾಳಾ?”

ಆ ಖಾಲಾ, ಖತೀಜಾಬೀ, ಬ್ಯಾಡ ಅಂದಳು.

ಅವಳು ಶಾವಿಗೆ ಮಾಡುವವಳು. ಹರಿಹರದ ಅಂಗಡಿಗಳಿಗೆ, ರಂಜಾನ್ ಬಂದರೆ ದಾವಣಗೆರೆಗೂ ಅವಳ ಮನೆಯ ಶಾವಿಗೆಯೇ ಹೋಗುತ್ತದೆ. ನಸುಕಿಗೆ ಎದ್ದು ಹೊಸೆದು, ಮಾಳಿಗೆಯ ಮೇಲೆ ಕೋಲುಗಳಿಗೆ ಇಳಿಬಿಡುತ್ತಾಳೆ. ಮೊದಲ ಬಿಸಿಲಿಗೇ ಒಣಗಬೇಕು. ತಡವಾದರೆ ಹುಳಿ ವಾಸನೆ ಹಿಡಿಯುತ್ತದೆ. ಮೂಡಲಕ್ಕೆ, ಬೀದಿಯಾಚೆ ಕೊಟ್ರೇಶಿಯ ಮನೆ. ಅದು ಎದ್ದು ನಿಂತರೆ ಬೆಳಗಿನ ಬಿಸಿಲು ಎಲ್ಲಿಂದ ಬರಬೇಕು?

“ನಿನ್ನ ಶಾವಿಗಿಗಿಂತ ನಮ್ಮವ್ವ ಕಡಿಮಿ ಆದಳಾ ಖಾಲಾ?” ಕೊಟ್ರೇಶಿ ಕೂಗಿದ ಕೂಗಿಗೆ ಮಾಳಿಗೆಯ ಪಾರಿವಾಳ ಹಾರಿದವು.

ಖತೀಜಾಬೀ ಕೂಗಲಿಲ್ಲ. “ನಿಮ್ಮವ್ವಂಗೆ ಕಾಲಿನ ಚಿಂತಿ, ನನಗೆ ಹೊಟ್ಟಿ ಚಿಂತಿ. ಅವಳು ಮ್ಯಾಲೆ ಕೂಡ್ಲಿ ಮಗಾ, ನಾನೇನು ಬ್ಯಾಡ ಅಂದಿಲ್ಲ. ನನ್ನ ಬಿಸಿಲು ಬಿಟ್ಟು ಕೂಡ್ಲಿ.”

“ನೀನಾರ ಹೇಳೇ,” ಎಂದು ಅವನು ಸಿಮ್ರಾನ್ ಕಡೆ ತಿರುಗಿದ.

“ನಾನು ನಮ್ಮಮ್ಮನ ಕಡೇನೇ,” ಅಂದಳು ಅವಳು. “ನಕ್ಷೆ ನಿಂದು ಬರೀತೀನಿ, ಊಟ ಇಲ್ಲಿ ಮಾಡ್ತೀನಿ. ನೆರಳು ಬೀಳಲ್ಲ ಅಂತ ನೀನು ಬಾಯಾಗೆ ಹೇಳಿದ್ರೆ ಅವಳು ನಂಬಲ್ಲ. ಬೀಳತೈತೆ ಅಂತ ಅವಳು ಹೇಳಿದ್ರೆ ನೀನು ನಂಬಲ್ಲ. ಬೊಂಬು ನಿಲ್ಸೋದೇ ನಿನ್ನ ಕೆಲಸ ಅಲ್ವಾ? ಮನಿ ಎಷ್ಟೆತ್ತರ ಬರತೈತೋ ಅಷ್ಟೆತ್ತರಕ್ಕೆ ನಿಲ್ಸಿ ತೋರ್ಸು.”

ಬೀದಿಯಾಚೆ ತನ್ನ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಕ್ಕನಾಗಮ್ಮ ಒಳಗಿಂದ ತನ್ನ ಕೆಂಪು ಇಳಕಲ್ ಸೀರೆ ತರಿಸಿದಳು. ಹೋದ ಸಲದ ಹೊಳೆ ನೀರಿಗೆ ಅದರ ಅಂಚು ಬಣ್ಣ ಬಿಟ್ಟಿತ್ತು. “ಹೊಳಿ ನೋಡಿದ ಸೀರಿ ಇದು. ಮುಗಿಲೂ ನೋಡ್ಲಿ, ಕಟ್ಟು,” ಅಂದಳು. “ಕೊಟ್ರೇಶಿ, ನಿನ್ನ ನಾಲಿಗಿ ನಿನಗಿಂತ ಎತ್ತರ ಬೆಳದೈತೆ. ಅದಕ್ಕೂ ಒಂದು ಪರ್ಮಿಷನ್ ತಗಾ.”

ಭಾನುವಾರ ಕಾಲಂ ಏಳಲಿಲ್ಲ. ಬೊಂಬು ಎದ್ದವು. ಕಾಲಂ ಎಬ್ಬಿಸಲು ಬಂದ ಗೆಳೆಯರೇ ಬೊಂಬಿಗೆ ಬೊಂಬು ಬಿಗಿದು, ಹೊತ್ತು ಹುಟ್ಟುವ ಮೊದಲೇ ನಿಲ್ಲಿಸಿದರು. ಎರಡು ತುದಿಯ ನಡುವೆ ಕೆಂಪು ಸೀರೆ ಹರವಿಕೊಂಡಿತು. ಬೀದಿಗೆ ಬೀದಿಯೇ ಹೊರಬಂತು. ಹಲ್ಲುಜ್ಜುತ್ತಿದ್ದವರು ಬ್ರಶ್ ಕಚ್ಚಿಕೊಂಡೇ ಬಂದರು. ಯಾರೋ ಚಾ ತರಿಸಿದರು, ಯಾರೋ ಮಂಡಕ್ಕಿ ಕಲಸಿದರು. “ಮದುವೆ ಚಪ್ಪರ ಇಷ್ಟು ಎತ್ತರ ಯಾಕ್ರೋ? ಮದುಮಗ ನೋಡಿದ್ರೆ ಇಷ್ಟು ಗಿಡ್ಡ!” ಎಂದೊಬ್ಬಳು ಕೂಗಿದಳು. ಕೊಟ್ರೇಶಿಯೂ ನಕ್ಕ.

ಸೂರ್ಯ ಎದ್ದ. ಸೀರೆಯ ನೆರಳು ಬೀದಿ ದಾಟಿತು, ಗೋಡೆ ಹತ್ತಿತು, ನೇರ ಹೋಗಿ ಶಾವಿಗೆ ಕೋಲುಗಳ ಮೇಲೆ ಮಲಗಿತು.

ಎಲ್ಲರೂ ಮಾಳಿಗೆ ಕಡೆ ಕತ್ತೆತ್ತಿದರು.

“ಸೀರಿ ಅಲ್ಲಾಡ್ತೈತೆ, ಅದಕ್ಕೇ...” ಎಂದು ಶುರುಮಾಡಿದ ಕೊಟ್ರೇಶಿ. ಖತೀಜಾಬೀ ಏನೂ ಅನ್ನಲಿಲ್ಲ. ಅವಳು ಒಂದು ಮಾತು ಅಂದಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಅನ್ನದೇ ಇದ್ದದ್ದರಿಂದ ಮೆಟ್ಟಿಲು ಹತ್ತಿ ಅವಳ ಮಾಳಿಗೆಗೆ ಹೋದ. ನೆರಳಿನಲ್ಲಿ ನಿಂತು ಶಾವಿಗೆ ಮುಟ್ಟಿ ನೋಡಿದ. ಬಿಸಿಲಿನ ಕಡೆಯದು ಆಗಲೇ ಪಟಪಟ ಅನ್ನುತ್ತಿತ್ತು. ನೆರಳಿನ ಕಡೆಯದು ಕೈಗೆ ಅಂಟಿತು.

“ಹಸಿ ಐತಲ್ಲ ಖಾಲಾ,” ಅಂದ. ದನಿ ಸಣ್ಣಗಾಗಿತ್ತು.

ಆಮೇಲೆ ಮಾಳಿಗೆಯ ಅಂಚಿಗೆ ಬಂದು ತನ್ನ ಎಂದಿನ ದೊಡ್ಡ ಗಂಟಲಲ್ಲಿ ಕೂಗಿದ: “ಅಣ್ಣಾ! ಮೇಲಿನ ಮನೀನ ಬೀದಿ ಬಿಟ್ಟು ಹಿಂದಕ್ಕೆ ತಗಾ! ಬೊಂಬು ಹಿಂದಕ್ಕೆ!”

“ಮೇಲಿಂದು ನಂದಲೇ! ನನ್ನ ಪಡಸಾಲಿ ಹೋಗತೈತೆ!” ಬಸವಕಿರಣ ಕೆಳಗಿಂದ ಕೂಗಿದ.

“ಪಡಸಾಲಿ ಹೋದ್ರೆ ಮುಂದೆ ಬಯಲು ಮಾಳಿಗಿ ಸಿಗತೈತೆ! ತಗಾ ಅಂದ್ರೆ!”

ಬೊಂಬು ಸರಿದವು. ನೆರಳು ಒಂದು ಕೋಲು ಇಳಿಯಿತು. ಇನ್ನಷ್ಟು ಸರಿದವು. ಇನ್ನೊಂದು ಕೋಲು. “ಇನ್ನೂ! ಇನ್ನೂ!” ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗತೊಡಗಿದರು. ಕಡೆಯ ಕೋಲಿನ ಮೇಲೂ ಬಿಸಿಲು ಬಿದ್ದಾಗ ಖತೀಜಾಬೀ ಎರಡೂ ಕೈ ಎತ್ತಿ, “ಬಸ್! ಅಲ್ಲೇ ನಿಲ್ಸು!” ಅಂದಳು. ಬೀದಿ ಚಪ್ಪಾಳೆ ಹೊಡೆಯಿತು. ಆ ಬೆಳಗ್ಗೆ ಕೊಟ್ರೇಶಿ ತಿಂದದ್ದು ಖಾಲಾ ಕೈಯ ಹಾಲು ಶಾವಿಗೆ, ಎರಡು ಬಟ್ಟಲು.

ಅರ್ಜಿ ಹೋಯಿತು. ಒಂದು ಸಲ ವಾಪಸೂ ಬಂತು. ಹೊಳೆ ದಂಡೆಯ ಮಣ್ಣು ಆ ಭಾರ ತಡೆಯುತ್ತದೆಯೇ ಎಂದು ಇಂಜಿನಿಯರ್ ಬರೆದುಕೊಡಬೇಕಿತ್ತಂತೆ. “ಹರಿದು ಹೊಳಿಗೆ ಎಸೀತೀನಿ!” ಎಂದು ಕೊಟ್ರೇಶಿ ಎದ್ದ. “ಎಸಿ,” ಅಂದಳು ಅಕ್ಕನಾಗಮ್ಮ, “ಮಳೆಗಾಲಕ್ಕೆ ಅದೇ ವಾಪಸ್ ತಂದುಕೊಡತೈತೆ.” ಅವನು ಕೂತ. ಮಣ್ಣಿನ ಪರೀಕ್ಷೆ ಮಾಡಿಸಿ ಮತ್ತೆ ಕೊಟ್ಟ.

ನಗರಸಭೆಯಲ್ಲಿ ವಿಚಾರಣೆಯ ದಿನ ಅಧಿಕಾರಿ, “ಎದುರು ಮನೆಯವರ ಆಕ್ಷೇಪಣೆ ಇದೆಯಾ?” ಎಂದು ಕೇಳಿದರು.

ಖತೀಜಾಬೀ ಸೆರಗು ಸರಿಮಾಡಿಕೊಂಡು ಎದ್ದಳು. “ಇತ್ತು ಸಾಹೇಬ್ರೇ. ಬೊಂಬು ಹಿಂದಕ್ಕೆ ಸರೀತು, ಆಕ್ಷೇಪಣೆನೂ ಸರೀತು. ಇವರವ್ವ ಮ್ಯಾಲೆ ಕೂಡ್ಲಿ. ನನಗೂ ಮಾತಾಡಾಕೆ ಎದುರಿಗೆ ಒಬ್ಬರು ಬೇಕಲ್ಲ.”

ಕಡತ ಮೇಲಿನವರಿಗೆ ಹೋಗಿ ಬಂದು, ಅನುಮತಿ ಸಿಕ್ಕಿತು. ಷರತ್ತೂ ಇತ್ತು: ಕೆಳಗೆ ಗೋಡೆ ಕಟ್ಟಬಾರದು, ಅಂಗಡಿ ಮಾಡಿ ಬಾಡಿಗೆಗೆ ಕೊಡಬಾರದು, ನಕ್ಷೆ ಬಿಟ್ಟು ಒಂದು ಇಟ್ಟಿಗೆಯೂ ಆಚೀಚೆ ಆಗಬಾರದು. ಹಳೆಯ ತಗ್ಗಿನ ಮನೆ ಕೆಡವಿ, ತನ್ನ ಮನೆಗೆ ತಾನೇ ಬೊಂಬು ನಿಲ್ಲಿಸಿ ಕೊಟ್ರೇಶಿ ಮೋಲ್ಡ್ ಹಾಕಿಸಿದ.

ಮಳೆಗಾಲ ಬಂತು. ಹೊಳೆಯೂ ಬಂತು. ಬೀದಿಗೆ ಇಳಿದು, ಕಂಬಗಳ ನಡುವೆ ತಿರುಗಾಡಿ, ನುಗ್ಗಲು ಬಾಗಿಲು ಸಿಗದೆ ಹೋಯಿತು. ಅಕ್ಕನಾಗಮ್ಮ ಮೇಲೆ ಕಿಟಕಿಯಲ್ಲಿ ಕಾಲು ಚಾಚಿ ಕೂತು ಕೆಂಪು ನೀರು ನೋಡಿದಳು. “ಕೊಟ್ರೇಶೀ, ಹೊಳಿ ಬಂದೈತೆ, ಚಾ ಇಡೋ!”

ನೀರು ಇಳಿದ ಮೇಲೆ ಒಂದು ಬೆಳಗ್ಗೆ. ಅದೇ ಚಾದಂಗಡಿ, ಅದೇ ಬೆಂಚು, ಅದೇ ಕೆಂಚವೀರಪ್ಪ. ಅವರ ಮಾಳಿಗೆಯ ರೂಮಿಗೆ ನೋಟಿಸ್ ಬಂದು, ಅದರ ತಗಡು ಬಿಚ್ಚಿಸಿ ಆಗಿತ್ತು. ಮೊಮ್ಮಗಳು ಅಂಕಿತಾ ಓದಲು ಕೂರುತ್ತಿದ್ದ ರೂಮು ಅದು. ಅಷ್ಟರಲ್ಲಿ ಆ ಭಾನುವಾರದ ಬೊಂಬುಗಳಲ್ಲಿ ಎರಡನ್ನು ಹೆಗಲ ಮೇಲೆ ಹೊತ್ತು ಕೊಟ್ರೇಶಿ ಬಂದ. ಬೊಂಬಿನ ತುದಿಯಲ್ಲಿ ಕೆಂಪು ಸೀರೆ ಸುತ್ತಿತ್ತು.

“ಏಯ್ ಕುಳ್ಳ! ಎಂಟನೇ ಕ್ಲಾಸಿನ ಸಾಹೇಬ! ಆಫೀಸಿನಾಗೆ ಯಾರ ಕಾಲು ಹಿಡಿದು ಪರ್ಮಿಷನ್ ತಂದ್ಯಲೇ?”

ಲೋಟಗಳು ಬಾಯಿ ಹತ್ತಿರವೇ ನಿಂತವು. ಕೊಟ್ರೇಶಿ ಬಾಯಿ ತೆರೆಯುವುದನ್ನೇ ಎಲ್ಲರೂ ಕಾದರು.

ಅವನು ಅಲ್ಲೇ ನಿಂತಿರಲಿ. ಅಷ್ಟರಲ್ಲಿ ಓದುತ್ತಿರುವ ನಿಮಗೆ ಒಂದು ಮಾತು. ಅಕ್ಕಂದಿರೇ, ಅಣ್ಣಂದಿರೇ, ಅವನು ಯಾರ ಕಾಲನ್ನೂ ಹಿಡಿಯಲಿಲ್ಲ. ನೀವೂ ಹಿಡಿಯಬೇಡಿ. ನಿಮ್ಮ ಮನೆ ನಿಯಮಕ್ಕಿಂತ ಎತ್ತರ ಬೇಕಾದರೆ ಮೊದಲು ಕೇಳಿ, ಆಮೇಲೆ ಕಟ್ಟಿ. ಎಷ್ಟು ಎತ್ತರಕ್ಕೆ ಅವಕಾಶವಿದೆ, ವಿನಾಯಿತಿ ಯಾರು ಕೊಡುತ್ತಾರೆ ಎಂದು ನಿಮ್ಮ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಹೋಗಿ ಕೇಳಿ. ಆ ಕಚೇರಿಯ ಮೆಟ್ಟಿಲು ನಿಮ್ಮ ತೆರಿಗೆಯಿಂದಲೇ ಕಟ್ಟಿದ್ದು, ಹತ್ತಲು ಅಂಜಬೇಡಿ. ಕಾರಣ ನಿಜವಿದ್ದರೆ ಬರೆದುಕೊಡಿ. ವಾಪಸ್ ಬಂದರೆ ಸರಿಮಾಡಿ ಮತ್ತೆ ಕೊಡಿ. ಎಲ್ಲಕ್ಕಿಂತ ಮೊದಲು ಎದುರು ಮನೆಯ ಮಾಳಿಗೆ ಹತ್ತಿ, ನಿಮ್ಮ ನೆರಳಿನಲ್ಲಿ ನಿಂತು ನೋಡಿ. “ಕಟ್ಟಿಬಿಡು, ಆಮೇಲೆ ನೋಡ್ಕಳಣ” ಅನ್ನುವವರು ಕೆಡವುವ ದಿನ ನಿಮ್ಮ ಜೊತೆ ನಿಲ್ಲುವುದಿಲ್ಲ, ಚಾ ಕುಡಿಯುತ್ತ ನೋಡುತ್ತಾರೆ.

ಇನ್ನು ಕೊಟ್ರೇಶಿ. ಅವನ ನಾಲಿಗೆಯ ತುದಿಗೆ ಮೂರು ಉತ್ತರ ಬಂದಿದ್ದವು, ಮೂರೂ ಚೆನ್ನಾಗಿದ್ದವು. ಅವನು ಮೂರನ್ನೂ ನುಂಗಿ, ಕೆಂಚವೀರಪ್ಪನವರ ಮನೆ ಮುಂದೆ ಹೋಗಿ, ಅಂಕಿತಾಳ ರೂಮಿನ ಎತ್ತರ ಅಳೆಯಲು ಇರಲಿ ಎಂದು ಗೇಟಿಗೆ ಬೊಂಬು ಎರಡನ್ನೂ ಒರಗಿಸಿದ. ಸೀರೆಯ ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದ. ಆಮೇಲೆ ಕೈಯ ಧೂಳು ಕೊಡವಿಕೊಂಡು, ಬೆಂಚಿನ ಕಡೆ ತಿರುಗದೆ, ಸಿಳ್ಳೆ ಹಾಕುತ್ತ ಕೆಲಸಕ್ಕೆ ನಡೆದ.