ಮೊಸಳಿ, ಓತಿಕ್ಯಾತ, ಆಕಳ

ಬಸ್ಸು ತೆಗ್ಗಿನಾಗ ಇಳಿದು ಎಗರಿತು, ತೊಡಿ ಮ್ಯಾಲಿನ ಕಾರ್ಡೆಲ್ಲಾ ಜಾರಿದುವು, ಹಿಡಿ ಹಿಡಿ — ಓತಿಕ್ಯಾತ ಸೀಟಿನ ಕೆಳಗ ಹೋತು, ಬಗ್ಗಿ ತಗೊಂಡು ಓಢಣಿಲೆ ಒರಸಿದೆ, ಬಾಜೂಕ ಕುಂತ ಮುದುಕಿ ನೋಡೇ ನೋಡಾಕತ್ತಾಳ, ಏನಬೇ ಇವು, ಇಸ್ಪೇಟೇನು, ಬಸ್ಸಿನಾಗ ಕುಂತು ಹೆಣ್ಣಮಕ್ಕಳು, ಅಲ್ಲಬೇ ಆಯಿ, ಬ್ಯಾರೇ ಆಟ, ಪ್ರಾಣಿಗೋಳ ಆಟ, ನಾ ಸಿಂದಗಿಯಾಗ ದನದ ಡಾಕ್ಟರ ಅದೇನಿ, ಹಂಗಾರ ನಮ್ಮ ಎಮ್ಮಿ ಹಾಲ ಬಿಡವಲ್ದು ಏನ್ ಮಾಡ್ಲಿ, ಕರಾ ಮುಂದ ಕಟ್ಟಿ ನೋಡಬೇ, ಅಂದೆ, ಬಾಯಿ ಅಂದದ್ದು, ತಲಿ ಎಲ್ಲಾ ಕಾರ್ಡಿನಾಗ ಐತಿ, ಯಾಕಂದ್ರ ಗೆಲ್ಲೂ ದಾರಿ ಸಿಕ್ಕೈತಿ, ಸಿಕ್ಕೇಬಿಟ್ಟೈತಿ, ಕನ್ನೊಳ್ಳಿಯೊಳಗ ಒಂದ ಆಡಿನ ಕಾಲಿಗೆ ಪಟ್ಟಿ ಕಟ್ಟುವಾಗ ಒಮ್ಮಿಂದೊಮ್ಮೆಲೆ ಹೊಳೀತು, ಕೈಯಾಗಿನ ಪಟ್ಟಿ ಅಲ್ಲೇ ನಿಂತು ಆಡಿನ ಮಾಲಕ ಏನಾತ್ರಿ ಬಾಯಾರ ಅಂತ ಗಾಬರಿ ಆದ — ಮೊಸಳಿ ತನ್ನ ಬಳಗದ ಪ್ರಾಣಿನ್ನ ಯಾವಾಗ ಬೇಕಾದ್ರೂ ತಿನಬಹುದು, ತಿಂದಾಗೊಮ್ಮೆ ಎದುರಾಳಿದು ಒಂದ ಜೀವ ಹೋಗ್ತೈತಿ, ಇದು ಮೊದಲಿಂದಲೂ ಗೊತ್ತಿತ್ತು, ಓತಿಕ್ಯಾತ ಸತ್ತರ ಹಾಳಾಗಿ ಹೋಗೂದಿಲ್ಲ, ತಿರುಗಿ ಕೈಯಾಗ ಬರ್ತೈತಿ, ಇದೂ ಗೊತ್ತಿತ್ತು, ಆದ್ರ ಅದನ್ನ ಮತ್ತ ಆಟಕ್ಕ ಇಳಸಾಕ ಶಕ್ತಿ ಖರ್ಚಾಗ್ತೈತಲ್ಲ, ಅಲ್ಲೇ ಸಿಕ್ಕೊಂಡಿದ್ದೆ ಎಷ್ಟೋ ದಿವಸ, ಆಮ್ಯಾಲ ಆಕಳ, ಯಾರಿಗೂ ಬ್ಯಾಡಾದ ಬಡಕಲ ಆಕಳ, ಅದು ನೆಲದ ಮ್ಯಾಲ ಇದ್ರ ಸಣ್ಣ ಪ್ರಾಣಿ ಎಲ್ಲಾ ಪುಕ್ಕಟೆ ಇಳೀತಾವ! ತಿನ್ನು, ತಿರುಗಿ ಬಾ, ಪುಕ್ಕಟೆ ಇಳಿ, ಮತ್ತ ತಿನ್ನು, ನಿಲ್ಲೂದೇ ಇಲ್ಲ, ಕಾರ್ಡಿಗೆ ಹಿಂಗ ಹಿಗ್ಗೂದೇನ ಹುಚ್ಚಿ, ಡಾಕ್ಟರ್ ಅಂತ ಡಾಕ್ಟರ್.

ಸಂಗಮೇಶಗ ಇದು ಹೊಳದಿಲ್ಲ, ಹೊಳದಿದ್ರ ಈ ಮೂರೂ ಕಾರ್ಡು ನನಗ ಕೊಡ್ತಿದ್ನೇನು, ಇಂಡಿ ತಾಲೂಕಿನ ಲಸಿಕಿ ಕ್ಯಾಂಪಿನಾಗ ಭೆಟ್ಟಿ ಆದಾಂವ, ಮುದ್ದೇಬಿಹಾಳದ ದನದ ಡಾಕ್ಟರ, ದಿನಾ ದನಾ ಚುಚ್ಚಿ ಚುಚ್ಚಿ ತೋಳ ಸೋತ ಮ್ಯಾಲ ಗಿಡದ ಕೆಳಗ ಕುಂತು ಕಲಿಸಿದ ಆಟ, ನಮ್ಮ ಕಾಕಾನ ಮಗ ಪುಣೆದಾಗಿಂದ ಕಳಸ್ತಾನ್ರಿ, ಇವು ನನಗ ಹೆಚ್ಚಾಗ್ಯಾವು, ನೀವು ಇಟ್ಕೋರಿ ಅಂತ ಬೂಟಿನ ಡಬ್ಬಿ ತುಂಬ ಕೊಟ್ಟ, ಮ್ಯಾಲ ಒಂದ ಡ್ರ್ಯಾಗನ್, ಬಂಗಾರ ಬಣ್ಣದ್ದು, ಇದು ಹೆಚ್ಚಾಗಿದ್ದಲ್ರಿ, ಇದು ನಿಮಗಂತ, ಅಂದ, ಅಂದು ಆ ಕಡೆ ನೋಡಿದ. ಆ ಡ್ರ್ಯಾಗನ್ನ ಇವತ್ತ ತಗೀಬೇಕು. ನಿನ್ನೆಯಿಂದ ಒಳಗ ಇಡ್ತೇನಿ, ಹೊರಗ ತಗೀತೇನಿ, ಅದು ಚಂದ ಐತಿ, ದೊಡ್ಡದೈತಿ, ಆದ್ರ ಈ ಕಟ್ಟಿನಾಗ ಅದಕ್ಕ ಕೆಲಸ ಇಲ್ಲ, ಅದರ ಜಾಗಾದಾಗ ಗಿಳಿ ಬೇಕು, ಗಿಳಿ ಇಳಿದ ಕೂಡ್ಲೇ ಕಟ್ಟೆಲ್ಲಾ ಹುಡುಕಿ ಬೇಕಾದ ಪ್ರಾಣಿನ್ನ ಕೊಡ್ತೈತಿ, ಸಂತಿಯಾಗ ಶಾಸ್ತ್ರ ಹೇಳಾಂವನ ಗಿಳಿ ಚೊಂಚಿಲೆ ಚೀಟಿ ಜಗ್ಗಿದ ಹಂಗ, ಕಟ್ಟಂದ್ರ ಕಟ್ಟು, ಕೊಟ್ಟಾಂವನ ಮ್ಯಾಲಿನ ಮಾಯಾ ಇಟ್ಟು ಕಟ್ಟಿದ್ರ ಸೋಲ್ತೇನಿ, ಸೋಲಬಾರದು ಇವತ್ತ. ತಗದೆ. ಡ್ರ್ಯಾಗನ್ ವ್ಯಾನಿಟಿ ಬ್ಯಾಗಿನಾಗ ಹೋತು, ಗಿಳಿ ಬಂತು, ಬಸ್ಸು ಹೂವಿನ ಹಿಪ್ಪರಗಿ ದಾಟಿತು. ಮೊನ್ನೆ ಅವ್ವ ಅಗರಖೇಡದಿಂದ ಫೋನ್ ಮಾಡಿದ್ಲು, ಮುಂದಿನ ವಾರ ಕನ್ಯಾ ನೋಡಾಕ ಬರ್ತಾರ, ಇಂಡಿ ಊರಿನವ್ರು, ಹುಡುಗ ಬ್ಯಾಂಕಿನಾಗ ಅದಾನ, ನೀ ಮಾತ್ರ ಸಗಣಿ ವಾಸನಿ ಹೊತಗೊಂಡು ಬರಬ್ಯಾಡ, ನೋಡೂಣಬೇ ಅಂದೆ, ಅಂದು ಫೋನ್ ಇಟ್ಟ ಮ್ಯಾಲ ಮನಸಿನಾಗ ಅಂದ್ಕೊಂಡೆ, ಈ ಐತವಾರ ಗೆದ್ರ ಕೇಳ್ತೇನಿ, ಸಂಗಮೇಶನ್ನ, ನಾನ ಕೇಳ್ತೇನಿ, ಒಮ್ಮೆನೂ ಅವನ್ನ ಗೆದ್ದಿಲ್ಲ, ಸೋತ ಮಾರಿ ಇಟಗೊಂಡು ಹ್ಯಾಂಗ ಕೇಳೂದು — ಸೋತರ? ಸೋತರ ಕೇಳೂದಿಲ್ಲೇನು? ಬ್ಯಾಡ, ಅದನ್ನ ವಿಚಾರ ಮಾಡಬ್ಯಾಡ, ಬಾಗೇವಾಡಿ ಬಂತು, ಇಳಿ.

ಬರ್ರಿ ಬಾಯಾರ, ಡಾಕ್ಟರ ಆಗಳೇ ಬಂದು ಕುಂತಾರ, ಖಾನಾವಳಿ ಇಂದುಬಾಯಿ ಕೈಯಾಗಿನ ಹಿಟ್ಟ ಝಾಡಿಸಿ ನಕ್ಕಳು, ಅಕಿ ಪ್ರತಿ ಐತವಾರ ಹಂಗ ನಗ್ತಾಳ, ಮೂಲಿ ಟೇಬಲ್ಲು, ಕಿಡಕಿ ಬೆಳಕು, ಅಂವ ಎದ್ದು ನಿಂತ, ಬರ್ರಿ, ಹೊಸಾ ಕಟ್ಟೇನ್ರಿ, ಹೌದ್ರಿ, ಹಂಗಾರ ಹುಷಾರಿ ಇರಬೇಕ ನಾ, ಅವನ ಎಡಗೈ ಹೆಬ್ಬೆಟ್ಟಿನ ಉಗುರು ಕಪ್ಪಾಗೈತಿ, ಏನಾತ್ರಿ, ತಾಳಿಕೋಟಿಯಾಗ ಒಂದ ಎತ್ತು ತುಳೀತ್ರಿ, ಆಡ್ರಿ. ಆಡಾಕತ್ತೇವಿ, ಅವನ ಆನಿ ಬಂತು, ಅವನ ಸಿಂಹ ಬಂತು, ನನ್ನ ನಾಯಿಗೋಳು ಅಡ್ಡ ನಿಂತು ಒಂದೊಂದ ಸತ್ತುವು, ಓತಿಕ್ಯಾತ ಕೈಯಾಗೇ ಐತಿ, ಆಕಳ ಇಳಿಸಿದೆ, ಆಕಳರೀ? ಅಂತ ನಕ್ಕ, ನಗು, ನಗು, ಗಿಳಿ ಎಲ್ಲಿ, ಮೊಸಳಿ ಎಲ್ಲಿ, ಬರವಲ್ದು, ಸಿಂಹ ಮತ್ತ ಕಡೀತು, ಇನ್ನೊಂದ ಸರ್ತಿ ಕಡದ್ರ ಮುಗೀತು, ಎಳಿ, ಮ್ಯಾಲಿನ ಕಾರ್ಡ ಎಳಿ — ಗಿಳಿ. ಗಿಳಿ! ಹುಡುಕು ನನ್ನವ್ವಾ, ಕಟ್ಟು ಬಿಚ್ಚಿದೆ, ಮೊಸಳಿ, ಇಳಿಸಿದೆ, ಓತಿಕ್ಯಾತ ಪುಕ್ಕಟೆ, ಮೊಸಳಿ ತಿಂತು, ನಿಮ್ಮದೊಂದ ಜೀವ ಹೋತ್ರಿ, ಕೈಗೆ ಬಂತು, ಇಳೀತು, ತಿಂತು, ಇನ್ನೊಂದ ಹೋತ್ರಿ, ತಡೀರಿ ತಡೀರಿ, ಓದ್ತೇನಿ ಅಂದ, ಮೊಸಳಿ ಎತ್ತಿ ಓದಿದ, ಆಕಳ ಎತ್ತಿ ಓದಿದ, ಕಪ್ಪ ಉಗುರಿನ ಹೆಬ್ಬೆಟ್ಟು ಕಾರ್ಡಿನ ಅಂಚಿನ ಮ್ಯಾಲ ನಿಂತೈತಿ, ಇದು ಮುಗಿಯೂದ ಇಲ್ಲಲ್ರಿ, ಮುಗಿಯೂದಿಲ್ರಿ, ನಿಮ್ಮ ಜೀವ ಮುಗಿಯೂತನಕ, ಅವನ ಮಾರಿ ತುಂಬ ನಗು, ಸೋಲಾಕತ್ತಾನ, ಆದ್ರೂ ಹಬ್ಬ ಬಂದಂಗ ನಗಾಕತ್ತಾನ, ಯಪ್ಪಾ, ನಾ ಕಸಕ್ಕ ಹಾಕೂ ಕಾರ್ಡಲೇ, ಮಾಡ್ರಿ ಮಾಡ್ರಿ, ಪೂರ್ತಿ ನೋಡ್ತೇನಿ, ತಿಂತು, ಬಂತು, ಇಳೀತು, ತಿಂತು, ಬಂತು, ಇಳೀತು, ನನ್ನ ದನಿ ನನಗ ಕೇಳವಲ್ದು, ಕಡೀ ಒಂದ ಜೀವ ಉಳೀತು, ಕೈ ನಿಲ್ಲಿಸಿದೆ, ಈಗ, ಈಗ ಅನ್ನು, ಭಜಿ ಕರಿಯೂ ಸಪ್ಪಳ, ನನ್ನ ಮದುವಿ ಆಗ್ತೀರೇನ್ರಿ — ಅಂದೆ. ಅಂದೇಬಿಟ್ಟೆ. ಇಂದುಬಾಯಿ ಭಜಿ ತಗಿಯೂ ಝಾರಿ ಎತ್ತಿದಾಕಿ ಹಂಗ ನಿಂತ್ಲು, ಅಂವ ಮ್ಯಾಲ ನೋಡವಲ್ಲ, ಕೈಯಾಗ ಆಕಳ ಐತಿ, ಹೆಬ್ಬೆಟ್ಟು ಅದರ ಅಂಚಿನ ಮ್ಯಾಲ, ಏನರೆ ಅನಲಿ, ಇಲ್ಲಂತರೆ ಅನಲಿ, ಸಿಂದಗಿ ಬಸ್ಸು ಎಷ್ಟೊತ್ತಿಗೈತಿ, ಆಮ್ಯಾಲ ಅಂದ, ಸಣ್ಣ ದನಿಲೆ, ಆ ಒಂದ ಜೀವಾನೂ ತಗೋ ಸುವರ್ಣಾ, ತಗೊಂಡು ಹೇಳು, ನಮ್ಮವ್ವಗ ಯಾರ ಹೇಳೂದು, ನಾನಾ, ನೀನಾ — ನೀನಾ ಅಂದ, ನೀವಾ ಅನ್ನಲಿಲ್ಲ, ನೀನಾ, ಓತಿಕ್ಯಾತ ಇಳಿಸಿದೆ, ಮೊಸಳಿ ತಿಂತು, ಕಾರ್ಡಿನ ಅಂಚಿನ ಮ್ಯಾಲ ಹೆಬ್ಬೆಟ್ಟು, ಕಪ್ಪ ಉಗುರು, ಅದರ ಬಾಜೂಕ ನನ್ನ ಬೆರಳಿಟ್ಟು ಅಂದೆ, ನಾನ ಹೇಳ್ತೇನಿ