ಮೌಲಾಹುಸೇನರಿ

ಒಬ್ಬ ಮನುಷ್ಯನ ಹೆಸರಿನ ಕೊನೆಗೆ 'ರಿ' ಇರಬೇಕೋ ಬೇಡವೋ ಎಂಬ ಘನವಾದ ಪ್ರಶ್ನೆ ಆ ದಿನ ಸಂಜೆಯೊಳಗೆ ಇತ್ಯರ್ಥವಾಗಬೇಕಿತ್ತು. ಆ ಮನುಷ್ಯನನ್ನು ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಮಾಡುವವರಿದ್ದರು. ಕುಷ್ಟಗಿಯ ಆ ಮನೆಯೆದುರು ರಾಶಿ ಬಿದ್ದ ಚಪ್ಪಲಿಗಳ ನಡುವೆ ಸಹನಾ ಒಂಟಿಕಾಲಲ್ಲಿ ನಿಂತು ತನ್ನದನ್ನು ಬಿಡುತ್ತಿದ್ದಾಗಲೇ ಕೊಪ್ಪಳದ ಆಫೀಸಿನಿಂದ ಮತ್ತೆ ಫೋನು ಬಂತು. ಹೆಗಲ ಮೇಲೆ ಲ್ಯಾಪ್‌ಟಾಪಿನ ಚೀಲ. ಸಾವಿನ ಮನೆಗೆ ಲ್ಯಾಪ್‌ಟಾಪು ಹೊತ್ತು ಬಂದವರು ಆ ಓಣಿಯಲ್ಲಿ ಹಿಂದೆ ಯಾರೂ ಇರಲಾರರು. ಅದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮುಂಜಾನೆ ಸುದ್ದಿ ತಿಳಿದಾಗಿನಿಂದ ಅವಳಿಗೆ ಏನೂ ಆಗಿರಲಿಲ್ಲ.

"ಎಲ್ಲಾ ಮ್ಯಾಲೆ ಹೋದವೇನು?" ಮ್ಯಾನೇಜರ್ ಯಂಕೇಶ ಕೇಳಿದ.

"ಇನ್ನಾ ಇಲ್ರಿ ಸರ್. ಅರ್ಧ ಮ್ಯಾಲೆ ಹೋಗ್ಯಾವ, ಅರ್ಧ ಇಲ್ಲೇ ಅದಾವ್ರಿ."

ಒಳಗೆ ಕುರಾನ್ ಓದುತ್ತಿದ್ದ ಹೆಂಗಸರಲ್ಲಿ ಇಬ್ಬರು ತಲೆಯೆತ್ತಿ ನೋಡಿದರು.

ತೀರಿಕೊಂಡ ಮೌಲಾಹುಸೇನ ಪಂಪು ಮತ್ತು ಹನಿ ನೀರಾವರಿ ಸಾಮಾನಿನ ಕಂಪನಿಯೊಂದರಲ್ಲಿ ಕನ್ನಡದ ಕೈಪಿಡಿಗಳನ್ನು ಬರೆಯುತ್ತಿದ್ದರು. ಸಹನಾ ಅವರ ಕೈಕೆಳಗೆ ಇದ್ದವಳು. ಕೈಪಿಡಿಗಳೆಲ್ಲ ಆಫೀಸಿನ ಸಾಮಾನು ಕೋಣೆಯಲ್ಲಿದ್ದ ಸರ್ವರಿನಲ್ಲಿ ಕೂತು, ಅಲ್ಲಿಂದಲೇ ದಾಳಿಂಬೆ ಬೆಳೆಗಾರರ ಫೋನುಗಳಿಗೆ ಪ್ರಕಟವಾಗುತ್ತಿದ್ದವು. ಆ ತಂತ್ರಾಂಶ ಮಾಡಿದವರು, ಇನ್ನು ಸ್ವಂತ ಯಂತ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ, ಎಲ್ಲವೂ ಕ್ಲೌಡಿಗೆ ಹೋಗತಕ್ಕದ್ದು ಎಂದು ಒಂದು ದಿನ ಗೊತ್ತು ಮಾಡಿದ್ದರು. ಆ ದಿನ ಇದೇ. ತೀರಿಕೊಂಡವರಾಗಲಿ ತಂತ್ರಾಂಶದವರಾಗಲಿ ಇನ್ನೊಬ್ಬರನ್ನು ಕೇಳಿ ದಿನ ಗೊತ್ತು ಮಾಡಿರಲಿಲ್ಲ.

ಸಾಗಣೆ ನಿಂತದ್ದು ಒಂದು ಹೆಸರಿನ ಬಳಿ. ಪುಟಗಳ ಕೆಳಗಿರುವ 'ಮೌಲಾಹುಸೇನರಿ' ಎಂಬ ಹೆಸರು ಕಂಪನಿಯ ಸಿಬ್ಬಂದಿ ಪಟ್ಟಿಯಲ್ಲಿಲ್ಲ, ಈ ವ್ಯಕ್ತಿ ಯಾರು, ಎಂದು ಪರದೆ ಕೇಳುತ್ತಿತ್ತು.

"ಆ ರಿ ತಗದು ಬಿಡವಾ," ಎಂದ ಯಂಕೇಶ. "ಅದು ತಪ್ಪು ಅಂತ ಎಲ್ಲಾರಿಗೂ ಗೊತ್ತೈತಿ. ತಗದ್ರ ಪಟ್ಟಿಗೆ ಕೂಡ್ತೈತಿ, ಮುಂದಕ್ಕ ಹೋಕ್ಕೈತಿ."

ಕೂಡುತ್ತದೆ, ನಿಜ. ಆದರೆ ಸಿಬ್ಬಂದಿ ಪಟ್ಟಿಯಲ್ಲಿದ್ದ 'ಮೌಲಾಹುಸೇನ' ಎಂಬ ಖಾತೆಯನ್ನು ಆಫೀಸು ಬೆಳಿಗ್ಗೆಯೇ ಮುಚ್ಚಿತ್ತು. ಅಂಥ ವಿಷಯದಲ್ಲಿ ಅದು ಚುರುಕು. ಮುಚ್ಚಿದ ಖಾತೆಗೆ ಕೂಡಿದರೆ ಎಲ್ಲ ಪುಟಗಳ ಕೆಳಗೂ ಹೆಸರು ಹೋಗಿ 'ಹಿಂದಿನ ಬಳಕೆದಾರ' ಎಂದು ಬರುತ್ತದೆ. ಇದನ್ನು ಹೇಳಿದಾಗ ಯಂಕೇಶ, ಅದರಾಗ ಸುಳ್ಳೇನೈತಿ, ಎಂದು ಫೋನಿಟ್ಟ.

*

ಸರ್ವರು ಹೊಸದಾಗಿ ಬಂದಾಗ ಅದನ್ನು ಜೋಡಿಸಿಕೊಡಲು ಮೈಸೂರು ಕಡೆಯ ಹುಡುಗನೊಬ್ಬ ಬಂದಿದ್ದ. ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಿ ಟೈಪು ಮಾಡಿಕೊಂಡ. ಮೌಲಾಹುಸೇನ ಎದ್ದು ನಿಂತು, ಹೊಸಬರು ಹೆಸರು ಕೇಳಿದರೆ ಈ ಸೀಮೆಯಲ್ಲಿ ಹೇಗೆ ಹೇಳಬೇಕೋ ಹಾಗೆ ಹೇಳಿದರು:

"ಮೌಲಾಹುಸೇನರಿ."

ಹುಡುಗ ಹಾಗೆಯೇ ಬರೆದುಕೊಂಡ. ಅಡ್ಡಹೆಸರು ಕೇಳಿದ. "ಏನಿಲ್ಲರಿ" ಎಂದರು. ಅದನ್ನು ಅವನು ಬರೆದುಕೊಳ್ಳದೆ ಬಿಟ್ಟದ್ದು ಯಾರ ಪುಣ್ಯವೋ.

ಮರುದಿನ ಮೊದಲ ಪುಟ ಪ್ರಕಟವಾದಾಗ ಇಡೀ ಆಫೀಸು ನೆರೆದು ನಕ್ಕಿತು. ಮಾಲೀಕರ ಹೆಸರಿಗೂ ಇಲ್ಲದ ಮರ್ಯಾದೆ ಇವರದಕ್ಕೆ ಅಂಟಿಕೊಂಡಿತ್ತು. ತಿದ್ದಿಸೋಣ ಎಂದರೆ ಮೌಲಾಹುಸೇನ ಒಪ್ಪಲಿಲ್ಲ. "ಇರ್ಲಿ ಬಿಡ್ರಿ," ಎಂದರು. "ಹಾಕಿದ್ದನ್ನ ತಗಿಸಿದ್ರ, ಈ ಮನಿಷಾ ಏನೋ ಮಾಡ್ಯಾನ ಅಂತ ತಿಳೀತಾರ ಮಂದಿ."

ಅವರೇನು ದೊಡ್ಡ ಬರಹಗಾರರಲ್ಲ. ಒಂದು ಕೈಪಿಡಿಯ ಎಚ್ಚರಿಕೆಯನ್ನು ಇನ್ನೊಂದಕ್ಕೆ ಹಾಗೇ ಅಂಟಿಸುತ್ತಿದ್ದರು. ಹೀಗಾಗಿ, ಮೂರು ಮಂದಿ ಹಗ್ಗ ಹಿಡಿದು ಬೋರಿನಿಂದ ಎತ್ತಬೇಕಾದ ಮೋಟಾರನ್ನು ಮಕ್ಕಳ ಬಾಯಿಗೆ ಸಿಗದಂತೆ ಇಡಬೇಕೆಂದು ಬಹಳ ಕಾಲ ಪ್ರಕಟವಾಗಿತ್ತು. ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿ, ಕೇಳಿದವರಿಗೆ ವಾಕ್ಯ ಯೋಚಿಸುತ್ತಿದ್ದೇನೆ ಎನ್ನುತ್ತಿದ್ದರು. ಕೆಲವು ಸಲ ವಾಕ್ಯ ಗೊರಕೆ ಹೊಡೆಯುತ್ತಿತ್ತು.

*

ಮೈ ತೊಳೆದು ಕಫನು ಸುತ್ತಿ, ಹೆಂಗಸರಿಗೆ ಕೊನೆಯ ಸಲ ಮುಖ ತೋರಿಸಿದರು. ಸಹನಾ ನೋಡಿದಳು. ವಾಕ್ಯ ಯೋಚಿಸುತ್ತಿರುವಂತೆಯೇ ಇತ್ತು. ಅಳು ಬರಬಹುದೆಂದು ಕಾದಳು. ಬಂದದ್ದು ಅತ್ತರು ಮತ್ತು ಕರ್ಪೂರದ ವಾಸನೆ ಮಾತ್ರ. ಮಗ ಜಹೀರ ಮುಂದೆ ಹೆಗಲು ಕೊಟ್ಟ. ಜನಾಜಾ ಓಣಿ ದಾಟಿತು. ಗಂಡಸರು ಹೋದ ಮನೆಯಲ್ಲಿ ಒಮ್ಮೆಲೇ ಜಾಗ ಹೆಚ್ಚಾದಂತಾಯಿತು.

ಪಕ್ಕದ ಮನೆಯವರು ಅನ್ನ, ದಾಲ್ಚಾ ಕಳಿಸಿದ್ದರು. ಯಾರೂ ಮುಟ್ಟಲಿಲ್ಲ. ಸತ್ತವರ ಅಕ್ಕ ಇಮಾಮಬಾನು ಗೋಡೆಗೆ ಒರಗಿ ತಮ್ಮನ ಚರಿತ್ರೆ ಒಪ್ಪಿಸುತ್ತಿದ್ದಳು. ಮೌಲ್ಯಾ ಸಾಲಿ ತಪ್ಪಿಸಿ ಹುಣಸೆ ಮರ ಹತ್ತಿದ್ದು, ಮೌಲ್ಯಾನ ಮದುವೆಯಲ್ಲಿ ಅವನ ಚಪ್ಪಲಿ ಕಳುವಾದದ್ದು, ಮೌಲ್ಯಾ ಯಾರಿಗೂ ಎದುರಾಡದ್ದು.

ಎಂದೂ ಎತ್ತರದ ದನಿಯಲ್ಲಿ ಮಾತಾಡದ, ಸತ್ತವರ ಹೆಂಡತಿ ಫಾತಿಮಾಬೀ ತಡೆದಳು. "ಆಪಾ, ಇವತ್ತರ ಮೌಲ್ಯಾ ಅನಬ್ಯಾಡ್ರಿ."

"ಮತ್ತೇನ ಅನ್ಲಿ? ಅವ್ವ ಮೌಲ್ಯಾ ಅಂದ್ಲು, ಮಾಸ್ತರು ಮೌಲ್ಯಾ ಅಂದ್ರು, ನಿಮ್ಮಪ್ಪನೂ ಹೆಣ್ಣು ಕೊಡುವಾಗ ಮೌಲ್ಯಾ ಅಂತನ ಕೊಟ್ಟ."

ಫಾತಿಮಾಬೀ ಸಹನಾಳ ಕಡೆ ತಿರುಗಿದಳು. ಕಣ್ಣು ಒಣಗಿದ್ದವು.

"ಕಂಪನಿಯವರು ಭಾಳ ಛಲೋ ಮಂದಿ, ಬೇಟಿ. ಇವರ ಹೆಸರಿಗೆ ರಿ ಹಚ್ಚಿ ಬರದಾರ. ನನಗ ಓದಾಕ ಬರಂಗಿಲ್ಲ, ಜಹೀರ ಓದಿ ಹೇಳ್ಯಾನ. ಊರಾಗ ಯಾರೂ ಅನ್ನಲಿಲ್ಲ, ಕಂಪನಿ ಅಂತು."

ಸಹನಾ ಲ್ಯಾಪ್‌ಟಾಪಿನ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

"ನಮ್ಮ ಮಂದ್ಯಾಗ ಖಬರಿನ ಮ್ಯಾಲೆ ಹೆಸರು ಬರಿಸಂಗಿಲ್ಲ. ಬರೇ ಮಣ್ಣು. ಮಳಿ ಬಂದ್ರ ಅದೂ ಕೂತು ಹೋಕ್ಕೈತಿ. ಫೋನಿನ್ಯಾಗಿಂದು ಇರ್ತೈತಲ್ಲ?"

"ಇರ್ತೈತ್ರಿ ಚಾಚಿ."

ಹೇಳಿದ ಮೇಲೆ, ಇದು ತನ್ನ ಬಾಯಿಂದ ಬಂತೇ ಎಂದು ಅವಳಿಗೇ ಅನುಮಾನವಾಯಿತು. ಫಾತಿಮಾಬೀ ತಲೆಯಾಡಿಸಿ, ಬಾಗಿಲ ಬಳಿ ಉಳಿದಿದ್ದ ಗಂಡನ ಚಪ್ಪಲಿಯನ್ನು ಯಾರಾದರೂ ತುಳಿದಾರೆಂದು ಒಳಗೆ ಸರಿಸಲು ಎದ್ದಳು.

*

ಹಿತ್ತಲ ಕಟ್ಟೆಯ ಮೇಲೆ ಕೂತು ಸಹನಾ ಲ್ಯಾಪ್‌ಟಾಪು ತೆರೆದಳು. ಪ್ರಶ್ನೆ ಹಾಗೆಯೇ ಇತ್ತು: ಈ ವ್ಯಕ್ತಿ ಯಾರು? ಪರದೆ ಮೂರು ದಾರಿ ಕೊಟ್ಟಿತ್ತು. ಹೆಸರು ತಿದ್ದಿ ಪಟ್ಟಿಗೆ ಕೂಡಿಸಬಹುದು. ಪುಟಗಳನ್ನು ಬದುಕಿರುವ ಸಿಬ್ಬಂದಿಗೆ ಒಪ್ಪಿಸಬಹುದು, ಎಂದರೆ ಅವಳಿಗೇ. ಇಲ್ಲವೇ ಹೆಸರನ್ನು ಇದ್ದಂತೆ ಬಿಟ್ಟು, ಇವರು ಕಂಪನಿಯವರಲ್ಲ, ಹೊರಗಿನ ಬರಹಗಾರ ಎಂದು ದೃಢೀಕರಿಸಬಹುದು.

ಕೈ ನಿಂತದ್ದು ಅಲ್ಲಿ. ಕಂಪನಿ ಶುರುವಾದಾಗಿನಿಂದ ಅದೇ ಕುರ್ಚಿಯಲ್ಲಿ ಕೂತವರು. ಹಬ್ಬದ ಮರುದಿನವೂ ಶೀರ್‌ಕುರ್ಮಾದ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಿದ್ದವರು. ಅವರು ಕಂಪನಿಯವರೆಂದು ನಿಜ ಹೇಳಿದರೆ ಹೆಸರು ಅಳಿಯುತ್ತದೆ. ಹೊರಗಿನವರೆಂದು ಸುಳ್ಳು ಹೇಳಿದರೆ ಉಳಿಯುತ್ತದೆ. ತನ್ನದಲ್ಲದ ಅಧಿಕಾರ ಬಳಸಿದ್ದು ಗೊತ್ತಾದರೆ ಯಂಕೇಶ ಬಿಡುವವನಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಹೊರಗಿನ ಬರಹಗಾರ ಎಂಬುದನ್ನು ಒತ್ತಿದಳು. ಖಚಿತವೇ ಎಂದು ಕೇಳಿತು. ಖಚಿತ ಎಂದಳು.

ಗಂಡಸರು ಮಣ್ಣು ಕೊಟ್ಟು ಮರಳುತ್ತಿದ್ದರು. ಜಹೀರ ಹಿತ್ತಲಿಗೆ ಬಂದು ನಲ್ಲಿಯಡಿ ಕೈ ಹಿಡಿದ. ಕೆಂಪು ಮಣ್ಣು ಬೆರಳ ಸಂದಿಯಿಂದ ನಿಧಾನ ಇಳಿಯಿತು. ಅಷ್ಟರಲ್ಲಿ ಫೋನು ಬಂತು.

"ಏನಾತು? ರಿ ಹೋತೇನು?" ಯಂಕೇಶ ಕೇಳಿದ.

ಸಹನಾ ಪರದೆ ನೋಡಿದಳು. ಕೊನೆಯ ಪುಟಗಳು ಮೇಲಕ್ಕೆ ಸಾಗುತ್ತಿದ್ದವು.

"ಹೋತ್ರಿ ಸರ್."

"ಛಲೋ ಆತು."

ಸಂಜೆಯ ಹೊತ್ತಿಗೆ ಕೈಪಿಡಿಗಳೆಲ್ಲ ಕ್ಲೌಡಿಗೆ ಹೋದವು. ಸಾಮಾನು ಕೋಣೆಯ ಸರ್ವರನ್ನು ಆರಿಸಲಾಯಿತು. ಬರೆದವರು ಮೌಲಾಹುಸೇನರಿ ಎಂದೇ ಇದೆ.